ಆಯಿಗೆ ಕೇಳಿಸದ ಗೀಜಗ

[ಹಕ್ಕಿಗಳ ಸದ್ದು, 15 ಸೆಕೆಂಡ್]

ಬೀದರ್‌ನಿಂದ ಮಾತಾಡ್ತಾ ಇದೀನಿ.

ಈಗ ಕೇಳಿದ್ರಲ್ಲ, ಅದೇನು ಅಂತ ಹೊಳೀತಾ? ನನ್ನ ಗೆಳೆಯನಿಗೆ ಕೇಳಿಸಿದಾಗ, "ಸೈಕಲ್ ಚೈನಿಗಿ ಎಣ್ಣಿ ಬಿಟ್ಟಿಲ್ಲೇನೋ?" ಅಂದ. ಇನ್ನೊಬ್ಬಳು, "ಹಳೇ ಪ್ರಿಂಟರ್ ಇರಬೇಕು" ಅಂದ್ಲು. ಎರಡೂ ಅಲ್ಲ. ಅದು ಗೀಜಗ. ಔರಾದ್ ಹತ್ತಿರದ ಒಂದು ಹೊಲದಲ್ಲಿ, ಬಾವಿ ಮೇಲೆ ಬಾಗಿರೋ ಜಾಲಿ ಮರದಲ್ಲಿ, ಗಂಡು ಗೀಜಗಗಳು ಒಟ್ಟಿಗೇ ಗೂಡು ನೇಯ್ತಾ ಕೂಗೋ ಸದ್ದು.

ಈ ಪಾಡ್‌ಕಾಸ್ಟನ್ನ ನಿಲ್ಲಿಸಿಯೇ ಬಿಡೋಣ ಅಂದ್ಕೊಂಡಿದ್ದೆ. ಆ ಸದ್ದು ಮತ್ತೆ ಶುರು ಮಾಡಿಸ್ತು. ಇವತ್ತಿನ ಸಂಚಿಕೆ ಅದರ ಬಗ್ಗೆ, ಜೊತೆಗೆ ನಮ್ಮ ಆಯಿ ಬಗ್ಗೆ. ಆಯಿ ಅಂದ್ರೆ ನಮ್ಮ ಕಡೆ ಅಜ್ಜಿ.

ಹೊಸದಾಗಿ ಕೇಳ್ತಾ ಇರೋರಿಗೆ ಒಂದು ಮಾತು. ನಾನು ಬಿಕಾಂ ಓದಿದವನು. ಹಗಲೊತ್ತು ಗಾಂಧಿ ಗಂಜ್ ಕಡೆಯ ನಾಲ್ಕೈದು ಅಂಗಡಿಗಳ ಲೆಕ್ಕ ಬರೀತೀನಿ, ಜಿಎಸ್‌ಟಿ ರಿಟರ್ನ್ ತುಂಬ್ತೀನಿ. ರಾತ್ರಿ ಊಟ ಆದ ಮೇಲೆ ಪಾಡ್‌ಕಾಸ್ಟ್. ಸ್ಟುಡಿಯೋ ಅಂದ್ರೆ ನಮ್ಮ ಮನೆಯ ಮೇಲಿನ ಸಣ್ಣ ಕೋಣೆ. ಸದ್ದು ಗುಂಯ್‌ಗುಡಬಾರದು ಅಂತ ಗೋಡೆಗೆ ಎರಡು ಕೌದಿ ನೇತು ಹಾಕಿದೀನಿ. ಅಷ್ಟೇ ನಮ್ಮ ಬಂಡವಾಳ.

ಹೋದ ವರ್ಷ ಮಾರ್ಚ್‌ನಿಂದ ಜುಲೈವರೆಗೆ ಒಂದೇ ಒಂದು ಸಂಚಿಕೆ ಬರಲಿಲ್ಲ. ಕೆಲವರು ಮೆಸೇಜ್ ಮಾಡಿ ಕೇಳಿದ್ರಿ. "ಕೆಲಸ ಜಾಸ್ತಿ, ಮಾರ್ಚ್ ಎಂಡಿಂಗ್" ಅಂದೆ. ಮಾರ್ಚ್ ಮುಗಿದು ಮಳೆಗಾಲ ಬಂದ್ರೂ ನನ್ನ ಮಾರ್ಚ್ ಎಂಡಿಂಗ್ ಮುಗಿದಿರಲಿಲ್ಲ. ಖರೇ ಹೇಳಬೇಕಂದ್ರೆ, ಹೇಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಐಡಿಯಾಗಳಿಗೇನೂ ಕಡಿಮೆ ಇರಲಿಲ್ಲ. ಫೋನಿನ ನೋಟ್ಸ್‌ನಲ್ಲಿ ನಲವತ್ತಕ್ಕೂ ಹೆಚ್ಚು ಶೀರ್ಷಿಕೆ ಬರೆದಿಟ್ಟಿದ್ದೆ. ಒಂದನ್ನ ತೆಗೆದು ಎರಡು ನಿಮಿಷ ರೆಕಾರ್ಡ್ ಮಾಡೋದು, ಕೇಳೋದು, ಡಿಲೀಟ್ ಮಾಡೋದು. ನನ್ನ ದನಿ ನನಗೇ ಬೇರೆ ಯಾರದೋ ಥರ ಕೇಳಿಸ್ತಿತ್ತು. ಬೆಂಗಳೂರಿನ ದೊಡ್ಡ ಪಾಡ್‌ಕಾಸ್ಟರ್‌ಗಳ ಹಾಗೆ ಉಸಿರು ಬಿಟ್ಟು ಮಾತಾಡೋದು, ಅವರ ಹಾಗೇ ಜೋಕ್ ಮುಗಿಸಿ ನಗೋದು. ಯಾವ ನಿಮಿಷದಲ್ಲಿ ಎಷ್ಟು ಜನ ಬಿಟ್ಟು ಹೋದ್ರು ಅಂತ ಆ್ಯಪ್ ಗ್ರಾಫ್ ತೋರಿಸುತ್ತಲ್ಲ, ದಿನಾ ಅದನ್ನೇ ನೋಡ್ತಿದ್ದೆ. ಬ್ಯಾಲೆನ್ಸ್ ಶೀಟ್ ನೋಡೋ ಚಾಳಿ.

ನಮ್ಮಪ್ಪ ಒಂದು ದಿನ ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದ್ರು, "ಇದ್ರಿಂದ ತಿಂಗಳಿಗಿ ಎಷ್ಟ್ ಬರ್ತದ?" ನಾನು ಕಾಮರ್ಸ್ ಹುಡುಗ, ಉತ್ತರ ಗೊತ್ತಿತ್ತು. ಜಮಾ ಸೊನ್ನೆ. ಖರ್ಚಿಗೆ ಮೈಕ್, ಡೇಟಾ, ನಿದ್ದೆ. ಅಪ್ಪ ಬೈಯಲಿಲ್ಲ. ಬೈದಿದ್ರೆ ಜಗಳ ಆಡ್ತಿದ್ದೆ. ಸುಮ್ಮನೆ ತಲೆ ಆಡಿಸಿದ್ರು, ನನಗೂ ಅವರ ಮಾತು ಸರಿ ಅನ್ನಿಸ್ತು. ಆ ರಾತ್ರಿ ಮೈಕನ್ನ ಡಬ್ಬಿಗೆ ಹಾಕಿ ಕಪಾಟಿನ ಮೇಲಿಟ್ಟೆ.

ಜುಲೈನಲ್ಲಿ ಒಂದು ಭಾನುವಾರ ಅವ್ವ ಅಂದ್ಲು, "ಆಯಿ ಬಿ.ಪಿ. ಗುಳಿಗಿ ಮುಗದಾವಂತ, ಒಯ್ದು ಕೊಟ್ಟು ಬಾ." ಸೋದರಮಾವನ ಹೊಲ ಇರೋದು ಔರಾದ್ ದಾಟಿ, ಮಹಾರಾಷ್ಟ್ರದ ಗಡಿ ಕಡೆ. ಬೀದರ್‌ನಿಂದ ಔರಾದ್‌ಗೆ ಸುಮಾರು 40 ಕಿಲೋಮೀಟರ್. ರಾತ್ರಿ ಮಳೆ ಬಿದ್ದಿತ್ತು. ರಸ್ತೆಯ ಎರಡೂ ಕಡೆ ಸೋಯಾಬೀನ್ ಹಸಿರು, ನಡುನಡುವೆ ತೊಗರಿ, ಉದ್ದು. ಹೊರಡೋವಾಗ ಏನನ್ನಿಸ್ತೋ, ಡಬ್ಬಿಯಿಂದ ಮೈಕ್ ತೆಗೆದು ಚೀಲಕ್ಕೆ ಹಾಕ್ಕೊಂಡೆ. ಆಯಿ ಚಿಕ್ಕವಳಿದ್ದಾಗ ಜೋಳದ ಹೊಲದಲ್ಲಿ ಹಕ್ಕಿ ಕಾಯೋಕೆ ಹೋಗ್ತಿದ್ಲು ಅಂತ ಅವ್ವ ಆಗಾಗ ಹೇಳ್ತಿದ್ಲು. ಅದನ್ನ ರೆಕಾರ್ಡ್ ಮಾಡ್ಕೊಂಡ್ರೆ ಮನೆಯವರಿಗಾದ್ರೂ ಇರುತ್ತೆ ಅಂದ್ಕೊಂಡೆ.

ಮಾವನ ಮನೆ ಹೊಲದಲ್ಲೇ ಇದೆ. ಮನೆ ಮುಂದೆ ಹಳೇ ಬಾವಿ, ಬಾವಿ ಮೇಲೆ ಬಾಗಿದ ಜಾಲಿ ಮರ. ಆಯಿಗೆ ಎಂಬತ್ತು ದಾಟಿದೆ, ಕಣ್ಣಿಗೆ ಪೊರೆ ಬಂದಿದೆ. ಅವಳನ್ನ ಹೊರಗೆ ಹೊರಸಿನ ಮೇಲೆ ಕೂರಿಸಿ, ಮೈಕ್ ಸೆರಗಿಗೆ ಸಿಕ್ಕಿಸಿ ಶುರು ಮಾಡಿದೆ. ಶುರು ಮಾಡಿದ್ದಷ್ಟೇ. ಆ ಜಾಲಿ ಮರದ ತುಂಬ ಗೀಜಗ. ಆಯಿಯ ಮಾತಿಗಿಂತ ಅವುಗಳ ಗದ್ದಲವೇ ಜೋರು. ಮೊದಲನೇ ಟೇಕ್ ಹೋಯ್ತು, ಎರಡನೇದೂ ಹೋಯ್ತು. ಮೂರನೇದಕ್ಕೆ ನನಗೆ ಸಿಟ್ಟು ಬಂದು ಒಂದು ಮಣ್ಣಿನ ಹೆಂಟೆ ತಗೊಂಡು ಮರದ ಕಡೆ ಎಸೆದೆ.

ಆಯಿ ಕೇಳಿದ್ಲು, "ಯಾರಿಗಿ ಒಗದಿ ತಮ್ಮಾ?"

"ಹಕ್ಕಿಗ ಆಯಿ. ಭಾಳ ಗದ್ದಲ ಮಾಡ್ಲತ್ತಾವ."

ಆಯಿ ಮರದ ಕಡೆ ಮುಖ ತಿರುಗಿಸಿ ಸ್ವಲ್ಪ ಹೊತ್ತು ಕೂತ್ಲು. ಆಮೇಲೆ ಕೇಳಿದ್ಲು, "ಗೀಜಗ ಬಂದಾವೇನು?"

ನಾನು "ಹೂಂ" ಅಂದೆ.

"ಎರಡ್ ಮೂರ್ ವರ್ಷ ಆಯ್ತು, ಗೀಜಗ ಬರೋದು ಬಿಟ್ಟಾವ ಅಂತ ತಿಳದಿದ್ದ ನಾ."

ನನಗೆ ಒಂದು ಕ್ಷಣ ಅರ್ಥ ಆಗಲಿಲ್ಲ. ಮರ ಇರೋದು ಹೊರಸಿನಿಂದ ಹತ್ತು ಹೆಜ್ಜೆ ದೂರ. ಹಕ್ಕಿಗಳು ಕಿವಿ ತೂತು ಬೀಳೋ ಹಾಗೆ ಕೂಗ್ತಾ ಇವೆ. ಆಯಿಗೆ ಅದು ಕೇಳಿಸ್ತಾನೇ ಇಲ್ಲ. ವಯಸ್ಸಾದಂತೆ ಕಿವಿ ಮಂದ ಆಗುತ್ತಲ್ಲ, ಅದು ಸಾಮಾನ್ಯವಾಗಿ ಮೊದಲು ಕಳ್ಕೊಳ್ಳೋದು ಕೀಚಲು ಸದ್ದುಗಳನ್ನ. ಗಂಡಸರ ದಪ್ಪ ದನಿ ಕೇಳಿಸುತ್ತೆ, ಎಮ್ಮೆ ಕೂಗೋದು ಕೇಳಿಸುತ್ತೆ, ಟ್ರ್ಯಾಕ್ಟರ್ ಕೇಳಿಸುತ್ತೆ. ಹಕ್ಕಿ, ಸಣ್ಣ ಮಕ್ಕಳ ಮಾತು, ಗೆಜ್ಜೆ ಸದ್ದು ಇವೆಲ್ಲ ಒಂದೊಂದಾಗಿ ಹೋಗ್ತವೆ. ಹೋಗ್ತಾ ಇವೆ ಅಂತ ಅವರಿಗೇ ಗೊತ್ತಾಗಲ್ಲ. ಹಕ್ಕಿಗಳೇ ಬರೋದು ಬಿಟ್ಟವು ಅಂದ್ಕೊಳ್ತಾರೆ. ಮನೆಯವರಿಗೂ ಗೊತ್ತಾಗಲ್ಲ. ಆಯಿ ಟಿವಿ ಜೋರಾಗಿ ಇಡ್ತಾಳೆ ಅಂತ ನಾವೆಲ್ಲ ನಗ್ತಿದ್ವಿ, ಅಷ್ಟೇ.

ಎಡಿಟಿಂಗ್‌ಗೆ ಅಂತ ನನ್ನ ಹತ್ತಿರ ಒಂದು ದೊಡ್ಡ ಹೆಡ್‌ಫೋನ್ ಇದೆ, ಕಿವಿ ಪೂರ್ತಿ ಮುಚ್ಚೋದು. ಬಾವಿ ಕಟ್ಟೆ ಹತ್ತಿರ ಹೋಗಿ ಒಂದು ನಿಮಿಷ ಸದ್ದು ರೆಕಾರ್ಡ್ ಮಾಡ್ಕೊಂಡು ಬಂದೆ. ಹೆಡ್‌ಫೋನನ್ನ ಆಯಿ ತಲೆಗೆ ಹಾಕಿ, ವಾಲ್ಯೂಮ್ ಒಂದೊಂದೇ ಗೆರೆ ಏರಿಸ್ತಾ ಹೋದೆ. ಮೊದಲು ಏನೂ ಇಲ್ಲ. ಇನ್ನೊಂದು ಗೆರೆ. ಆಯಿ ಕೈ ಎತ್ತಿ "ತಡಿ" ಅಂದ್ಲು.

ಆಮೇಲೆ ನಡೆದದ್ದನ್ನ ನಾನು ಹೇಳೋದಕ್ಕಿಂತ ನೀವೇ ಕೇಳಿ. ಮೈಕ್ ಅವಳ ಸೆರಗಿನಲ್ಲಿ ಇನ್ನೂ ಆನ್ ಇತ್ತು.

[ಆಯಿಯ ದನಿ: "ಹೋ... ಹೋಹೋ... ಹಾಯ್!" ಒಂದು ಚಪ್ಪಾಳೆ. ನಗು.]

ಇದು ಹಕ್ಕಿ ಓಡಿಸೋ ಕೂಗು. ಜೋಳದ ಹೊಲ ಕಾಯ್ತಿದ್ದ ಹುಡುಗಿಯ ಕೂಗು. ಕಿವಿಗೆ ಗೀಜಗ ಬಿದ್ದ ತಕ್ಷಣ ಅವಳ ಬಾಯಿಗೆ ಅದು ತಾನಾಗೇ ಬಂತು. ಆಯಿ ಅಷ್ಟು ಜೋರಾಗಿ ಕೂಗಿದ್ದನ್ನ ನಾನು ಹುಟ್ಟಿದಾಗಿಂದ ಕೇಳಿರಲಿಲ್ಲ. ಒಳಗಿದ್ದ ಅತ್ತಿ ಏನಾಯ್ತೋ ಅಂತ ಓಡಿ ಬಂದ್ಲು.

ಅದಾದ ಮೇಲೆ ನಾನು ಪ್ರಶ್ನೆ ಕೇಳಬೇಕಾಗಲೇ ಇಲ್ಲ. ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಅಟ್ಟಣಿಗಿ ಕಟ್ಟೋದು, ಅದರ ಮೇಲೆ ನಿಂತು ಕವಣಿಯಲ್ಲಿ ಕಲ್ಲು ಬೀಸೋದು, ಕವಣಿ ತಿರುಗೋವಾಗ ಬರೋ ಭರ್ ಸದ್ದು, ತೆನಿ ಹಾಲುಗಟ್ಟಿದಾಗ ಬೆಳಗ್ಗೆ ಸಂಜೆ ಎರಡು ಹೊತ್ತು ಕಾಯೋದು. ಗುಬ್ಬಿಗೆ ಒಂದು ಕೂಗು, ಗಿಳಿಗೆ ಒಂದು, ಗುಂಪುಗುಂಪಾಗಿ ಮೋಡದ ಹಾಗೆ ಇಳಿಯೋ ಹಕ್ಕಿಗೆ ಇನ್ನೊಂದು. ಮೋಡದ ಹಾಗೆ ಇಳಿಯೋದು ಗುಲಾಬಿ ಕಬ್ಬಕ್ಕಿ ಇರಬೇಕು ಅಂತ ನಾನು ಆಮೇಲೆ ಓದಿ ತಿಳ್ಕೊಂಡೆ. ಅದು ಮಧ್ಯ ಏಷ್ಯಾ ಕಡೆ ಮರಿ ಮಾಡಿ, ಚಳಿಗಾಲಕ್ಕೆ ನಮ್ಮ ದಖ್ಖನ್‌ಗೆ ಬರೋ ಹಕ್ಕಿ. ಹಳೇ ಇಂಗ್ಲಿಷ್ ಪಕ್ಷಿ ಪುಸ್ತಕಗಳಲ್ಲಿ ಅದಕ್ಕೆ "ಜೋವಾರಿ ಬರ್ಡ್" ಅನ್ನೋ ಹೆಸರೂ ಇದೆ. ಜೋಳದ ಹಕ್ಕಿ!

ಈಗ ಆ ಹೊಲದಲ್ಲಿ ಮುಂಗಾರಿಗೆ ಸೋಯಾಬೀನ್. ಸೋಯಾಕ್ಕೆ ಕವಣಿ ಹಿಡ್ಕೊಂಡು ಕಾಯೋ ಕೆಲಸ ಇಲ್ಲ. ಕಾಯೋ ಕೆಲಸ ಇಲ್ಲ ಅಂದ್ರೆ ಕೂಗೂ ಇಲ್ಲ. ಹಾಗಾಗಿ ಅರವತ್ತೆಪ್ಪತ್ತು ವರ್ಷದಿಂದ ಆ ಕೂಗುಗಳು ಆಯಿ ಒಬ್ಬಳ ಒಳಗೇ ಉಳ್ಕೊಂಡಿದ್ದವು. ಅವುಗಳನ್ನ ಹೊರಗೆ ತಂದದ್ದು ನಾನಲ್ಲ, ನಾನು ಹೆಂಟೆ ಎಸೆದ ಹಕ್ಕಿ.

[ಸಂಗೀತ]

ಅವತ್ತು ರಾತ್ರಿ ಬೀದರ್‌ಗೆ ಬಂದು, ಗೀಜಗದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನೋಡ್ರಿ, ಇದು ನಮ್ಮಂಥವರಿಗೆ, ಅಂದ್ರೆ ಏನಾದ್ರೂ ಬರೆಯೋ, ಹಾಡೋ, ವಿಡಿಯೋ ಮಾಡೋ ಹುಡುಗ ಹುಡುಗಿಯರಿಗೆ ಹೇಳಿ ಮಾಡಿಸಿದ ಹಕ್ಕಿ.

ಗೂಡು ನೇಯೋದು ಗಂಡು. ಹುಲ್ಲು, ಕಬ್ಬು, ಈಚಲು, ಇವುಗಳ ಗರಿಯ ಅಂಚನ್ನ ಕೊಕ್ಕಿನಿಂದ ಕಚ್ಚಿ, ಉದ್ದಕ್ಕೆ ಸೀಳಿ, ಒಂದೊಂದೇ ಎಳೆ ತರುತ್ತೆ. ಒಂದು ಗೂಡು ಮುಗಿಯೋಕೆ ಹೀಗೆ ಸುಮಾರು 500 ಸಲ ಹಾರಬೇಕಾಗಬಹುದು, ಎರಡು ಎರಡೂವರೆ ವಾರ ಹಿಡಿಯುತ್ತೆ. ಆದರೆ ಅದು ಒಂದೇ ಸಲಕ್ಕೆ ಪೂರ್ತಿ ಕಟ್ಟಲ್ಲ. ಅರ್ಧಕ್ಕೆ, ಹೆಲ್ಮೆಟ್ ಬೋರಲು ಹಾಕಿದ ಹಾಗೆ ಆದಾಗ, ನಿಲ್ಲಿಸುತ್ತೆ. ರೆಕ್ಕೆ ಬಡಿದು ಕೂಗಿ ಹೆಣ್ಣನ್ನ ಕರೆಯುತ್ತೆ. ಹೆಣ್ಣು ಬಂದು ಒಳಗೆ ಹೊಕ್ಕು ನೋಡುತ್ತೆ. ಒಪ್ಪಿದ್ರೆ ಮುಂದಿನ ಕೊಳವೆ ಕಟ್ಟಿ ಗೂಡು ಮುಗಿಸುತ್ತೆ. ಒಪ್ಪದಿದ್ರೆ ಆ ಅರ್ಧ ಗೂಡು ಅಲ್ಲೇ ನೇತಾಡುತ್ತೆ, ಇದು ಪಕ್ಕದ ಕೊಂಬೆಯಲ್ಲಿ ಇನ್ನೊಂದು ಶುರು ಮಾಡುತ್ತೆ.

ಮಾವನ ಜಾಲಿ ಮರದಲ್ಲಿ ಪೂರ್ತಿ ಗೂಡಿಗಿಂತ ಅರ್ಧ ಗೂಡುಗಳೇ ಹೆಚ್ಚಿದ್ದವು. ಮೊದಲು ನೋಡಿದಾಗ ಗಾಳಿಗೆ ಹರಿದಿವೆ ಅಂದ್ಕೊಂಡಿದ್ದೆ. ಹರಿದದ್ದಲ್ಲ. ಒಪ್ಪಿಗೆ ಆಗದ್ದು. ನನ್ನ ಫೋನಿನಲ್ಲಿದ್ದ ನಲವತ್ತು ಶೀರ್ಷಿಕೆಗಳು ನೆನಪಾದವು. ವ್ಯತ್ಯಾಸ ಒಂದೇ. ಗೀಜಗ ಅರ್ಧ ಗೂಡನ್ನ ಬಿಟ್ಟು ಇನ್ನೊಂದು ಶುರು ಮಾಡುತ್ತೆ. ನಾನು ಅರ್ಧ ಗೂಡಿನ ಕೆಳಗೆ ಕೂತು ಗ್ರಾಫ್ ನೋಡ್ತಿದ್ದೆ.

ಇನ್ನೊಂದು ವಿಷಯ. ಅರ್ಧ ಗೂಡಿನ ಒಳಗೆ ಗೀಜಗ ಹಸಿ ಮಣ್ಣಿನ ಸಣ್ಣ ಉಂಡೆ ಅಂಟಿಸಿರುತ್ತೆ. ಆಯಿ ಹೇಳೋದು, "ಅದಕ್ಕ ಮಿಂಚುಹುಳ ಚುಚ್ಚಿ ದೀಪ ಮಾಡ್ಕೋತದ." ಈ ಕಥೆ ನಮ್ಮ ದೇಶದ ಬೇರೆ ಬೇರೆ ಕಡೆಯೂ ಇದೆ. ಗೂಡು ಗಾಳಿಗೆ ಹೊಯ್ದಾಡದಿರಲಿ ಅಂತ ಭಾರಕ್ಕೆ ಮಣ್ಣು ಇಡುತ್ತೆ ಅನ್ನೋದು ತಿಳಿದವರ ಊಹೆ. ನಾನು ಆಯಿಗೆ ಆ ಊಹೆಯನ್ನೂ ಹೇಳಿದೆ. "ಇರಬೇಕು, ಆದರ ದೀಪಾನೂ ಇರ್ಲಿ" ಅಂದ್ಲು.

ಗೀಜಗದ ಈ ಸಂಸಾರದ ಗುಟ್ಟನ್ನ ಕುಳಿತು ನೋಡಿ ಬರೆದವರು ಡಾ. ಸಲೀಂ ಅಲಿ. ಅವರ ಹೆಸರು ನೀವು ಶಾಲೆಯಲ್ಲಿ ಕೇಳಿರ್ತೀರಿ. ಆದ್ರೆ ಅವರೂ ಕಾಮರ್ಸ್ ಓದಿದ್ರು ಅಂತ ಗೊತ್ತಿತ್ತಾ? ಮುಂಬೈನ ದಾವರ್ ಕಾಮರ್ಸ್ ಕಾಲೇಜಿನಲ್ಲಿ ವಾಣಿಜ್ಯ ಕಾನೂನು, ಲೆಕ್ಕಪತ್ರ ಓದಿದವರು. ಬರ್ಮಾದಲ್ಲಿ ಮನೆಯವರ ವ್ಯಾಪಾರ ನೋಡ್ಕೊಂಡ್ರು, ಅದು ಕೈ ಹಿಡೀಲಿಲ್ಲ. ಆಮೇಲೆ ಮುಂಬೈನ ಮ್ಯೂಸಿಯಂನಲ್ಲಿ ಗೈಡ್ ಕೆಲಸ ಸಿಕ್ತು. ಪಕ್ಷಿಶಾಸ್ತ್ರ ಕಲಿಯೋಕೆ ಬರ್ಲಿನ್‌ಗೆ ಹೋಗಿ 1930ರಲ್ಲಿ ವಾಪಸ್ ಬಂದ್ರೆ, ದುಡ್ಡಿಲ್ಲ ಅಂತ ಆ ಹುದ್ದೆಯನ್ನೇ ತೆಗೆದಿದ್ರು. ಕೆಲಸ ಇಲ್ಲ. ಹೆಂಡತಿ ಜೊತೆ ಮುಂಬೈ ಬಿಟ್ಟು ಕಿಹಿಂ ಅನ್ನೋ ಸಮುದ್ರ ದಂಡೆಯ ಹಳ್ಳಿಗೆ ಹೋದ್ರು. ಅಲ್ಲಿ ಮನೆ ಹತ್ತಿರ ಗೀಜಗಗಳು ಗೂಡು ಕಟ್ತಿದ್ದವು. ಕೆಲಸ ಇಲ್ಲದ ಆ ಮಳೆಗಾಲದಲ್ಲಿ ದಿನಾ ಕೂತು ನೋಡಿದ್ರು. ಒಂದು ಗೂಡಿಗೆ ಹೆಣ್ಣು ಸಿಕ್ಕ ಮೇಲೆ ಗಂಡು ಅಲ್ಲಿಗೇ ನಿಲ್ಲದೆ, ಇನ್ನೊಂದು ಗೂಡು ಕಟ್ಟಿ ಇನ್ನೊಂದು ಹೆಣ್ಣನ್ನ ಕರೆಯುತ್ತೆ ಅನ್ನೋದನ್ನ ಅವರು ಅಲ್ಲಿ ಕಂಡ್ಕೊಂಡ್ರು. ಆ ಬರಹ 1931ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು, ಅವರಿಗೆ ಹೆಸರು ತಂತು. ಅದರ ಬೆನ್ನಿಗೇ, 1931-32ರಲ್ಲಿ, ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ್ರು. ಆಗ ನಮ್ಮ ಬೀದರ್ ಜಿಲ್ಲೆಯೂ ಹೈದರಾಬಾದ್ ಸಂಸ್ಥಾನದ್ದೇ.

ಕೆಲಸ ಬಿಟ್ಟು ಹಕ್ಕಿ ನೋಡಿ ಅಂತ ಇದನ್ನ ಹೇಳ್ತಿಲ್ಲ. ನಾನೂ ಬಿಟ್ಟಿಲ್ಲ, 20ನೇ ತಾರೀಖು ಬಂದ್ರೆ ಈಗಲೂ ರಿಟರ್ನ್ ತುಂಬೋಕೆ ಓಡ್ತೀನಿ. ನನಗೆ ತಟ್ಟಿದ್ದು ಬೇರೆ. ಕೈ ಖಾಲಿ ಇದ್ದಾಗ ಆ ಮನುಷ್ಯ ತನ್ನ ಬಗ್ಗೆ ಯೋಚಿಸ್ತಾ ಕೂರಲಿಲ್ಲ. ಮನೆ ಮುಂದೆ ಏನು ನಡೀತಿದೆ ಅಂತ ನೋಡಿದ್ರು.

ನಮಗೆ ಒಂದು ಭ್ರಮೆ ಇದೆ. ಕನ್ನಡದಲ್ಲಿ ಹಕ್ಕಿ ಅಂದ್ರೆ ಮಲೆನಾಡು. ತೇಜಸ್ವಿ ಮೂಡಿಗೆರೆಯಲ್ಲಿ ಕೂತು ಬರೆದ್ರು, ಫೋಟೋ ತೆಗೆದ್ರು. ನಾವೆಲ್ಲ ಅದನ್ನ ಓದಿ, "ನಮ್ಮ ಬೀದರ್‌ನಾಗ ಏನದ, ಬಿಸಲು, ಕೆಂಪು ಕಲ್ಲು" ಅಂದ್ಕೊಂಡು ಸುಮ್ಮನಾದ್ವಿ. ಆದ್ರೆ ತೇಜಸ್ವಿಯವರೂ ಮಾಡಿದ್ದು ತಮ್ಮ ಸುತ್ತ ಇದ್ದದ್ದನ್ನ ನೋಡೋ ಕೆಲಸವನ್ನೇ. ನಾನೂ ನನ್ನ ಊರಲ್ಲೇ ಕಿವಿ ಬಿಚ್ಚೋಣ ಅಂತ ಶುರು ಮಾಡಿದೆ.

[ಬಾನಾಡಿಗಳ ಸದ್ದು, ದೂರದಲ್ಲಿ ವಿಮಾನ]

ವಾರಕ್ಕೆ ಮೂರು ದಿನ ಬೆಳಗ್ಗೆ, ಇಯರ್‌ಫೋನ್ ಮನೆಯಲ್ಲೇ ಬಿಟ್ಟು, ಮಹಮೂದ್ ಗವಾನ್ ಮದರಸಾ ಕಡೆಗೋ ಕೋಟೆ ಕಡೆಗೋ ನಡ್ಕೊಂಡು ಹೋಗೋದು. ಒಂದೇ ಜಾಗದಲ್ಲಿ ಇಪ್ಪತ್ತು ನಿಮಿಷ ಕೂರೋದು. ಮೊದಲ ವಾರ ಐದು ನಿಮಿಷಕ್ಕೆ ಕೈ ಜೇಬಿಗೆ ಹೋಗ್ತಿತ್ತು. ಎರಡನೇ ವಾರ ಸದ್ದುಗಳು ಬೇರೆ ಬೇರೆ ಆಗೋಕೆ ಶುರು ಆದವು. ಕೋಟೆ ಗೋಡೆಯ ತೂತುಗಳಿಂದ ಗಿಳಿಗಳು. ಮೇಲೆ ಹದ್ದಿನ ಸಿಳ್ಳೆ. ಹಳೇ ಕಮಾನುಗಳ ಸುತ್ತ ಬಾನಾಡಿಗಳು. ಬಾನಾಡಿ ನಮ್ಮ ಹಾಗೆ ನೆಲದ ಮೇಲೆ ನಡೆಯೋ ಹಕ್ಕಿ ಅಲ್ಲ. ಹಾರ್ತಾ ಹಾರ್ತಾನೇ ಗಾಳಿಯಲ್ಲಿ ತೇಲೋ ಪುಕ್ಕ, ಹುಲ್ಲು ಹಿಡ್ಕೊಂಡು, ತನ್ನ ಎಂಜಲಿನಿಂದ ಅಂಟಿಸಿ ಗೂಡು ಕಟ್ಟುತ್ತೆ. 1472ರಲ್ಲಿ ಕಟ್ಟಿದ ಮದರಸಾದ ಮುಂದೆ ಕೂತು, ತಲೆ ಮೇಲೆ ಅವು ಚಿರ್ರ್ ಅಂತ ಸುತ್ತೋದನ್ನ ಕೇಳ್ತಾ ಇದ್ರೆ, ನಮ್ಮೂರಿಗೆ ಎಷ್ಟೊಂದು ಪದರ ಇದೆ ಅನ್ನಿಸುತ್ತೆ.

ನಡುವೆ ಏರ್ ಫೋರ್ಸ್ ವಿಮಾನ ಗುಡುಗ್ತಾ ಹೋಗುತ್ತೆ. ಬೀದರ್‌ನವರಿಗೆ ಗೊತ್ತು, ಪೈಲಟ್‌ಗಳ ತರಬೇತಿ ವಿಮಾನ. ಅದರ ಹೆಸರು "ಹಾಕ್". ಅಂದ್ರೆ ಗಿಡುಗ! ಆಗ ನನ್ನ ರೆಕಾರ್ಡಿಂಗ್ ಪೂರ್ತಿ ಹಾಳು. ಮೊದಲು ಅದನ್ನ ಕತ್ತರಿಸ್ತಿದ್ದೆ. ಈಗ ಬಿಡ್ತೀನಿ. ಅದೂ ಬೀದರ್ ಸದ್ದೇ ತಾನೇ?

ಹೀಗೆ ಕೂತು ಕೂತು ನನ್ನ ಕೆಲಸದ ಜಾಗವೂ ಬೇರೆ ಥರ ಕೇಳಿಸ್ತು. ಗಂಜ್‌ನಲ್ಲಿ ಹಮಾಲರು ಚೀಲ ಎತ್ತೋವಾಗ ಒಟ್ಟಿಗೆ ಹಾಕೋ ಉಸಿರು, ತೂಕದ ಕಾಟಾ ಹತ್ತಿರ ಲೆಕ್ಕ ಕೂಗೋ ರಾಗ. ಇಷ್ಟು ವರ್ಷ ಅದರ ನಡುವೆ ಕೂತು ಲೆಕ್ಕ ಬರೆದಿದೀನಿ, ಕೇಳಿರಲೇ ಇಲ್ಲ. ಸೆಪ್ಟೆಂಬರ್‌ನಲ್ಲಿ ಬಂದ ಹಮಾಲರ ಸಂಚಿಕೆ ನಿಮಗೆ ನೆನಪಿದ್ರೆ, ಅದು ಹುಟ್ಟಿದ್ದು ಬಾನಾಡಿಗಳ ಕೆಳಗೆ.

ಇಷ್ಟು ಹೇಳಿದ ಮೇಲೆ ನನ್ನ ಒಂದು ತಪ್ಪನ್ನೂ ಹೇಳಬೇಕು.

[ನೀರಿನ ಸದ್ದು]

ಈ ಏಪ್ರಿಲ್‌ನಲ್ಲಿ ಭಾಲ್ಕಿ ಕಡೆ ಹೋಗಿದ್ದೆ, ಕಾರಂಜಾ ಜಲಾಶಯದ ಹಿನ್ನೀರಿಗೆ. ಮಾಂಜ್ರಾ ನದಿಯ ಉಪನದಿ ಕಾರಂಜಾ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಉದ್ದಕ್ಕೂ ಬಯಲು ಬಿದ್ದಿರುತ್ತೆ. ನೀರುಕಾಗೆ, ಬೆಳ್ಳಕ್ಕಿ ಸಿಕ್ಕವು. ಆದ್ರೆ ನನಗೆ ಬೇಕಿದ್ದದ್ದು ಟಿಟ್ಟಿಭದ ಕೂಗು. ಮರಾಠಿಯಲ್ಲಿ ಟಿಟವಿ ಅಂತಾರಲ್ಲ, ಅದೇ. ಅಷ್ಟರಲ್ಲಿ ನನಗೆ ಕೊಬ್ಬು ಬಂದಿತ್ತು. ಹಕ್ಕಿ ಸಂಚಿಕೆಗಳು ನಿಮಗೆ ಇಷ್ಟ ಆಗ್ತಿದ್ದವು, ಇನ್ನೊಂದು ಬೇಕಿತ್ತು, ಬೇಗ ಬೇಕಿತ್ತು. ಇಪ್ಪತ್ತು ನಿಮಿಷ ಕೂರೋ ತಾಳ್ಮೆ ಎಲ್ಲಿ ಹೋಯ್ತೋ. ಫೋನಿನಲ್ಲಿ ಟಿಟ್ಟಿಭದ ಕೂಗು ಹಾಕಿ, ಸ್ಪೀಕರ್ ಜೋರು ಮಾಡಿ ಎತ್ತಿ ಹಿಡಿದೆ.

ಕೆಲಸ ಮಾಡ್ತು. ಎರಡು ಹಕ್ಕಿ ಹುಚ್ಚು ಹಿಡಿದ ಹಾಗೆ ಕೂಗ್ತಾ ನನ್ನ ತಲೆ ಮೇಲೆ ಎರಗಿ ಎರಗಿ ಹಾರಿದವು. ನಾನು ಖುಷಿಯಿಂದ ರೆಕಾರ್ಡ್ ಮಾಡ್ತಿದ್ದೆ. ದಂಡೆಯಲ್ಲಿ ಬಲೆ ಬಿಡಿಸ್ತಾ ಕೂತಿದ್ದ ಒಬ್ಬ ಹಿರಿಯರು ಎದ್ದು ಬಂದ್ರು.

"ತಮ್ಮಾ, ಅದು ಬಂದ್ ಮಾಡು. ಅಲ್ಲಿ ತತ್ತಿ ಇಟ್ಟಾವ. ನಿನ್ನ ಹಿಂದ ಬಂದ್ರ ತತ್ತಿ ಬಿಸಲಿಗಿ ಸುಡ್ತಾವ."

ಅವರು ಕೈ ತೋರಿಸಿದ ಕಡೆ ನೋಡಿದ್ರೆ ನನಗೆ ಬರೀ ಕಲ್ಲು. ಟಿಟ್ಟಿಭ ಬಯಲಿನಲ್ಲೇ, ನೆಲದ ಮೇಲೆ, ಕಲ್ಲಿನ ಬಣ್ಣದ ಮೊಟ್ಟೆ ಇಡುತ್ತೆ. ಬಿಸಿಲು ಜಾಸ್ತಿ ಆದ್ರೆ ಎದೆಯ ಗರಿಗಳನ್ನ ನೀರಲ್ಲಿ ತೋಯಿಸ್ಕೊಂಡು ಬಂದು ಮೊಟ್ಟೆ ಮೇಲೆ ಕೂತು ತಂಪು ಮಾಡುತ್ತೆ. ಆ ಕೆಲಸ ಬಿಟ್ಟು ಅವು ನನ್ನ ಫೋನಿನೊಳಗಿನ ಹಕ್ಕಿ ಜೊತೆ ಜಗಳಕ್ಕೆ ಬಂದಿದ್ದವು. ಫೋನ್ ಆಫ್ ಮಾಡಿ ದೂರ ಸರಿದೆ. ಹಿರಿಯರು ಬೈಯಲಿಲ್ಲ. "ಕುಂತ್ರ ತಾನೇ ಕೂಗ್ತದ" ಅಂದು ವಾಪಸ್ ಬಲೆ ಹತ್ತಿರ ಹೋದ್ರು.

ದೂರ ಹೋಗಿ ಒಂದು ಕಲ್ಲಿನ ಮೇಲೆ ಕೂತೆ. ಸುಮಾರು ಮುಕ್ಕಾಲು ಗಂಟೆ ಆದ ಮೇಲೆ ಅದು ತಾನೇ ಕೂಗ್ತು, ಒಂದೇ ಒಂದು ಸಲ, ನೀರಿನ ಕಡೆಯಿಂದ. ಮೊದಲು ಮಾಡಿದ ರೆಕಾರ್ಡಿಂಗನ್ನ ಅಳಿಸಿದೆ. ಆ ಒಂದು ಕೂಗು ಇಟ್ಕೊಂಡಿದೀನಿ.

[ಟಿಟ್ಟಿಭದ ಕೂಗು, ಒಮ್ಮೆ]

ಹಕ್ಕಿ ನಮಗೆ ಸ್ಫೂರ್ತಿ ಕೊಡೋಕೆ ಅಂತ ಕೂಗಲ್ಲ. ಅದಕ್ಕೆ ಅದರ ಮೊಟ್ಟೆ, ಅದರ ಗೂಡು, ಅದರ ಬಿಸಿಲು. ನಾವು ಇದ್ದೀವಿ ಅಂತಾನೂ ಅದಕ್ಕೆ ಬೇಕಿಲ್ಲ. ನನಗೆ ಅದೇ ದೊಡ್ಡ ಸಮಾಧಾನ. ದಿನವಿಡೀ ನನ್ನ ಬಗ್ಗೆ, ನನ್ನ ನಂಬರ್ ಬಗ್ಗೆ ಯೋಚಿಸೋ ತಲೆ, ಇಪ್ಪತ್ತು ನಿಮಿಷ ಬೇರೊಂದು ಜೀವದ ಗಡಿಬಿಡಿ ಕೇಳುತ್ತೆ. ವಾಪಸ್ ಬಂದಾಗ ಪಕ್ಕದ ಮನುಷ್ಯನೂ ಕೇಳಿಸ್ತಾನೆ. ನನ್ನ ಸಂಚಿಕೆಗಳೆಲ್ಲ ಈಗ ಅಲ್ಲಿಂದ ಬರ್ತಿವೆ.

ನೀವೂ ಮಾಡಿ ನೋಡಿ. ಮೈಕ್ ಬೇಡ, ಫೋನ್ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲಾಂದ್ರೆ ಒಳ್ಳೇ ಹೊತ್ತಲ್ಲಿ ವಾಟ್ಸ್‌ಆ್ಯಪ್ ಟಿಂಗ್ ಅನ್ನುತ್ತೆ. ಫೋನನ್ನ ಕೈಯಲ್ಲಿ ಹಿಡೀಬೇಡಿ, ಕಲ್ಲಿನ ಮೇಲೆ, ಬಟ್ಟೆ ಮಡಚಿ ಇಡಿ. ಕೊನೆಗೆ ದಿನ, ಊರು, ಹೊತ್ತು ಮೆಲ್ಲಗೆ ಹೇಳಿ. ಯಾವ ಹಕ್ಕಿ ಗೊತ್ತಾಗದಿದ್ರೆ ಮರ್ಲಿನ್ ಅನ್ನೋ ಉಚಿತ ಆ್ಯಪ್ ಇದೆ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರದ್ದು, ಸದ್ದು ಕೇಳಿ ಹೆಸರು ಸೂಚಿಸುತ್ತೆ. ಕೆಲವೊಮ್ಮೆ ತಪ್ಪೂ ಹೇಳುತ್ತೆ, ಕಣ್ಣಿಂದ ನೋಡಿ ಖಾತ್ರಿ ಮಾಡ್ಕೊಳ್ಳಿ. ಕೂಗು ಹಾಕಿ ಹಕ್ಕಿ ಕರೀಬೇಡಿ. ಗೂಡು ಚಂದ ಇದೆ ಅಂತ ಕಿತ್ತು ತರಬೇಡಿ.

ಈಗ ಆಯಿ ವಿಷಯ. ಆ ದಿನ ಆದ ಮೇಲೆ ಮಾವ ಅವಳನ್ನ ಬೀದರ್‌ಗೆ ಕರ್ಕೊಂಡು ಬಂದು ಕಿವಿ ಡಾಕ್ಟರ್‌ಗೆ ತೋರಿಸಿದ್ರು. ಕಿವಿ ಮಷಿನ್ ಕೊಟ್ಟಿದ್ದಾರೆ. ಆಯಿಗೆ ಅದು ಸೇರಲ್ಲ. "ಎಲ್ಲರ ಜಗಳಾನೂ ಕೇಳಿಸ್ತದ" ಅಂತಾಳೆ. ದಿನವಿಡೀ ಸೆರಗಿನ ಗಂಟಲ್ಲಿ ಕಟ್ಟಿಟ್ಟಿರ್ತಾಳೆ. ಆದ್ರೆ ಈ ಮಳೆಗಾಲ ಶುರು ಆದಾಗಿನಿಂದ ಬೆಳಗ್ಗೆ ಚಹಾ ಕುಡಿದು, ಹೊರಸಿನ ಮೇಲೆ ಕೂತು, ತಾನೇ ಕಿವಿಗೆ ಹಾಕ್ಕೋತಾಳಂತೆ. ಅತ್ತಿ 'ಯಾಕೆ' ಅಂತ ಕೇಳಿದ್ರೆ, "ಗೀಜಗ ಎಷ್ಟ್ ಗೂಡ ಕಟ್ಯಾವ ನೋಡಬೇಕಲ್ಲ" ಅಂದ್ಲಂತೆ.

ಆ ಜಾಲಿ ಮರವನ್ನ ಕಡೀಬೇಕು ಅಂತ ಮಾವ ಎರಡು ವರ್ಷದಿಂದ ಅಂತಿದ್ರು. ನೆರಳಿಗೆ ಸೋಯಾ ಬರಲ್ಲ, ಮುಳ್ಳು ಟ್ರ್ಯಾಕ್ಟರ್ ಟೈರಿಗೆ ಚುಚ್ಚುತ್ತೆ. ಅವರ ಲೆಕ್ಕವೂ ಲೆಕ್ಕವೇ, ನಾನು ಲೆಕ್ಕ ಬರೆಯೋನು, ಅದನ್ನ ತಳ್ಳಿ ಹಾಕೋಕೆ ಆಗಲ್ಲ. ಹೋದ ವಾರ ಫೋನ್‌ನಲ್ಲಿ ಕೇಳಿದೆ, "ಮಾಮಾ, ಗಿಡ ಏನ್ ಮಾಡ್ತೀರಿ?" ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು, "ಆಯಿ ಕುಂದ್ರೋ ತನಕ ಇರ್ಲಿ ಬಿಡು." ಸದ್ಯಕ್ಕೆ ಅಷ್ಟು.

ಹೋಗೋ ಮುಂಚೆ ಒಂದು ಕೆಲಸ ಕೊಡ್ತೀನಿ. ನಿಮ್ಮ ಮನೆಯ ಹಿರಿಯರನ್ನ ಇವತ್ತು ಒಂದು ಪ್ರಶ್ನೆ ಕೇಳಿ: ಮೊದಲು ಬರ್ತಿದ್ದು, ಈಗ ಬರೋದು ಬಿಟ್ಟ ಹಕ್ಕಿ ಯಾವುದು? ಅವರು ಹೆಸರು ಹೇಳಿದ ಮೇಲೆ ಹೊರಗೆ ಹೋಗಿ ನೋಡಿ. ಕೆಲವು ಖರೇನೇ ಬಿಟ್ಟು ಹೋಗಿರ್ತವೆ. ಕೆಲವು ಹತ್ತು ಹೆಜ್ಜೆ ದೂರದ ಮರದಲ್ಲೇ ಕೂಗ್ತಾ ಇರ್ತವೆ. ಆಗ ನಿಮ್ಮ ಹೆಡ್‌ಫೋನ್ ಅವರ ಕಿವಿಗೆ ಹಾಕಿ. ವಾಲ್ಯೂಮ್ ಮೆಲ್ಲಗೆ ಏರಿಸಿ.

ಮುಂದಿನ ವಾರ ಸಿಗೋಣ. ಇದು ನಿನ್ನೆ ಬೆಳಗ್ಗೆ ಅತ್ತಿ ತಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದು.

[ಗೀಜಗಗಳ ಸದ್ದು. ಆಯಿಯ ದನಿ: "ಹೋ... ಹೋಹೋ..." ನಗು.]